ಇನ್‌ಸ್ಟಾಲ್ ಒತ್ತುವ ಮುಂಚಿನ ಒಂದು ಗಂಟೆಯ ಬಗ್ಗೆಯೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಹಳೇ ಕಂಪ್ಯೂಟರಿಗೆ ಪೆನ್‌ಡ್ರೈವ್‌ನಿಂದ ಲಿನಕ್ಸ್ (ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿಕೊಳ್ಳುವುದು ಹೇಗೆ ಅಂತ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಕನ್ನಡ ಪತ್ರಿಕೆಯೊಂದು ಈ ವಿಷಯಕ್ಕೆ ಇಷ್ಟು ಜಾಗ ಕೊಟ್ಟಿದ್ದು ನೋಡಿ ನಿಜಕ್ಕೂ ಖುಷಿಯಾಯಿತು. ನಾನು 11 ವರ್ಷದಿಂದ ಲಿನಕ್ಸ್‌ನಲ್ಲೇ ದಿನದ ಕೆಲಸ ಮಾಡುವವನು. ಗೊತ್ತಿರುವವರಿಗೆಲ್ಲ ಹಾಕಿಕೊಟ್ಟಿದ್ದೇನೆ, ಬೇಡ ಅಂದವರ ಹತ್ತಿರವೂ ಇದರ ಬಗ್ಗೆ ಮಾತಾಡಿದ್ದೇನೆ. ಹಾಗಾಗಿ ಈ ಪತ್ರವನ್ನು ಲಿನಕ್ಸ್ ಬೇಡ ಅನ್ನುವವನ ಆಕ್ಷೇಪ ಅಂತ ದಯವಿಟ್ಟು ತಿಳಿಯಬೇಡಿ.

ಆದರೆ ಆ ಲೇಖನದ ಕೊನೆಯ ಭಾಗದಲ್ಲಿ ಒಂದು ಮಾತು ಬರುತ್ತದೆ. ಡಿಸ್ಕ್ ಆರಿಸಿಕೊಳ್ಳಿ, ಮುಂದೆ ಒತ್ತಿ, 15 ನಿಮಿಷದಲ್ಲಿ ಕೆಲಸ ಮುಗಿಯುತ್ತದೆ ಅಂತ. ಅಷ್ಟೇ. ಡಿಸ್ಕ್ ಆರಿಸಿಕೊಳ್ಳಿ ಅನ್ನುವ ಆ ಎರಡು ಪದದ ಜಾಗದಲ್ಲಿ ನಾನು ನಮ್ಮ ಮನೆಯ ಹಳೇ ಫೋಟೋಗಳನ್ನೆಲ್ಲ ಕಳೆದಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಈಗಲೇ ಯಾಕೆ ಇಷ್ಟು ಒತ್ತಿ ಹೇಳಬೇಕು ಅಂದರೆ, ಇವತ್ತು ಈ ಕೆಲಸಕ್ಕೆ ಕೈ ಹಾಕುತ್ತಿರುವವರು ಮೊದಲಿನವರಲ್ಲ. ಹಿಂದೆಲ್ಲ ಲಿನಕ್ಸ್ ಹಾಕುತ್ತಿದ್ದವರಿಗೆ ಕಂಪ್ಯೂಟರ್ ಅಂದರೆ ಹುಚ್ಚು. ಕೆಟ್ಟರೆ ರಾತ್ರಿಯೆಲ್ಲ ಕೂತು ಸರಿ ಮಾಡಿಕೊಳ್ಳುತ್ತಿದ್ದರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಕೂಡ ಮೈಕ್ರೋಸಾಫ್ಟ್‌ನವರ ಪಟ್ಟಿಯಲ್ಲಿ ಇರಬೇಕು. ಇಂಟೆಲ್‌ನ 8ನೇ ತಲೆಮಾರಿಗಿಂತ ಹಿಂದಿನ ಪ್ರೊಸೆಸರ್‌ಗಳು ಬಹುಪಾಲು ಆ ಪಟ್ಟಿಯಲ್ಲೇ ಇಲ್ಲ. ಅಂದರೆ ಕೀಬೋರ್ಡ್ ಸರಿ ಇದೆ, ಸ್ಕ್ರೀನ್ ಸರಿ ಇದೆ, ಇನ್ನೂ ಐದಾರು ವರ್ಷ ಆರಾಮಾಗಿ ಬಾಳಿಕೆ ಬರುವ ಕಂಪ್ಯೂಟರ್, ಆದರೆ ಮುಂದಿನ ವಿಂಡೋಸ್ ಅದಕ್ಕೆ ಇಲ್ಲ. ಇಂಥ ಕಂಪ್ಯೂಟರ್ ಇಟ್ಟುಕೊಂಡವರು ಶಿಕ್ಷಕರು, ಹಿರಿಯರು, ಓದುವ ಮಕ್ಕಳು, ಲೆಕ್ಕ ಬರೆಯುವವರು. ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಅನ್ನುವ ಪದವನ್ನೇ ಜೀವನದಲ್ಲಿ ಮೊದಲ ಸಲ ಕೇಳುತ್ತಿರುವವರು. ಅವರು ನಿಮ್ಮ ಪತ್ರಿಕೆಯನ್ನು ಪಕ್ಕದಲ್ಲಿ ಬಿಡಿಸಿಟ್ಟುಕೊಂಡು, ಸಾಲು ಸಾಲಾಗಿ ಓದಿಕೊಂಡು, ಹಾಗೇ ಮಾಡುತ್ತಾರೆ.

ನನ್ನ ಕಥೆ ಹೇಳಿಬಿಡುತ್ತೇನೆ.

ನಮ್ಮಕ್ಕನ ಲ್ಯಾಪ್‌ಟಾಪ್ ತುಂಬ ನಿಧಾನವಾಗಿತ್ತು. ಆನ್ ಮಾಡಿ ಬೇರೆ ಕೆಲಸ ಮುಗಿಸಿ ಬಂದರೂ ಅದು ಇನ್ನೂ ಸುತ್ತುತ್ತಲೇ ಇರುತ್ತಿತ್ತು. "ಏನಾದ್ರೂ ಮಾಡಿಕೊಡೋ ಇದಕ್ಕೆ" ಅಂತ ಅಕ್ಕ ನನ್ನ ಕೈಗೆ ಕೊಟ್ಟಳು. ಆಗ ನಾನು ಲಿನಕ್ಸ್‌ಗೆ ಬಂದು ಒಂದು ವರ್ಷ ಆಗಿತ್ತು. ಮೂರು ನಾಲ್ಕು ಕಂಪ್ಯೂಟರಿಗೆ ಹಾಕಿದ್ದೆ, ಎಲ್ಲವೂ ಸಲೀಸಾಗಿ ಆಗಿತ್ತು, ಅದರಿಂದ ಧೈರ್ಯ ಸ್ವಲ್ಪ ಜಾಸ್ತಿಯೇ ಇತ್ತು. ಬ್ಯಾಕಪ್ ತೆಗೆದುಕೊಳ್ಳಬೇಕು ಅಂತ ಗೊತ್ತಿತ್ತು. ತೆಗೆದುಕೊಂಡೆ ಕೂಡ. ಅಕ್ಕನ ಹತ್ತಿರ 1 ಟಿಬಿಯ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇತ್ತು. ಅದರಲ್ಲಿ ಮೊದಲಿನಿಂದಲೂ ಮನೆಯ ಹಳೇ ಫೋಟೋಗಳಿದ್ದವು. ನೆಂಟರ ಮನೆಗಳಿಂದ ಆಲ್ಬಮ್ ತರಿಸಿಕೊಂಡು, ಒಂದೊಂದೇ ಫೋಟೋ ಬಿಡಿಸಿ ಸ್ಕ್ಯಾನ್ ಮಾಡಿ, ಪ್ರತಿಯೊಂದು ಫೈಲಿಗೂ ಇಸವಿ ಮತ್ತು ಅದರಲ್ಲಿರುವವರ ಹೆಸರು ಎಡದಿಂದ ಬಲಕ್ಕೆ ಬರೆದು, ಎರಡು ವರ್ಷ ಕೂತು ಅಕ್ಕ ಮಾಡಿದ ಕೆಲಸ ಅದು. ಆಲ್ಬಮ್‌ಗಳನ್ನು ಆಯಾ ಮನೆಯವರಿಗೆ ವಾಪಸ್ ಕೊಟ್ಟಾಗಿತ್ತು. ಕೆಲವು ಆಮೇಲೆ ನೀರು ತಾಗಿ ಹಾಳಾದವು. ನಾನು ಲ್ಯಾಪ್‌ಟಾಪಿನ ಫೈಲುಗಳನ್ನೂ ಅದೇ ಡಿಸ್ಕಿಗೆ ಕಾಪಿ ಮಾಡಿದೆ. ಮಾಡಿ, ಅದನ್ನು ಕೀಳದೆ ಹಾಗೇ ಬಿಟ್ಟೆ.

ಪೆನ್‌ಡ್ರೈವ್ ಹಾಕಿ ಶುರು ಮಾಡಿದೆ. ಭಾಷೆ ಕೇಳಿತು, ಕೀಬೋರ್ಡ್ ಕೇಳಿತು, ವೈಫೈ ಕೇಳಿತು. ಡಿಸ್ಕ್ ಪೂರ್ತಿ ಅಳಿಸಿ ಇನ್‌ಸ್ಟಾಲ್ ಮಾಡು ಅನ್ನುವುದನ್ನು ಆರಿಸಿದೆ. ಆಗ ಯಾವ ಡಿಸ್ಕ್ ಅಂತ ಕೇಳುವ ಒಂದು ಪಟ್ಟಿ ಬಂತು. ಅದರಲ್ಲಿ ಎರಡೇ ಸಾಲು. ಒಂದು ಎಸ್‌ಡಿಎ, 1.0 ಟಿಬಿ. ಇನ್ನೊಂದು ಎಸ್‌ಡಿಬಿ, 1.0 ಟಿಬಿ. ಪಕ್ಕದಲ್ಲಿ ಡಿಸ್ಕ್ ಮಾಡಿದ ಕಂಪನಿಯ ಹೆಸರು, ಅದರ ಮುಂದೆ ಒಂದಷ್ಟು ಅಕ್ಷರ, ಅಂಕಿ. ಲ್ಯಾಪ್‌ಟಾಪಿನ ಒಳಗಿದ್ದ ಡಿಸ್ಕೂ 1 ಟಿಬಿ, ಹೊರಗಿನದೂ 1 ಟಿಬಿ. ನಾನು ಒಂದು ಲೆಕ್ಕ ಹಾಕಿದೆ. ಕಂಪ್ಯೂಟರ್ ಈಗ ಪೆನ್‌ಡ್ರೈವ್‌ನಿಂದ ತಾನೇ ಶುರುವಾಗಿರುವುದು, ಅದಕ್ಕೆ ಮೊದಲ ಅಕ್ಷರ ಸಿಕ್ಕಿರಬೇಕು, ಹಾಗಾದರೆ ಒಳಗಿನದು ಬಿ ಇರಬೇಕು ಅಂತ. ಈ ಲೆಕ್ಕಕ್ಕೆ ಯಾವ ಆಧಾರವೂ ಇರಲಿಲ್ಲ. ಆ ಅಕ್ಷರಗಳು ಡಿಸ್ಕ್ ಕಣ್ಣಿಗೆ ಬಿದ್ದ ಸರದಿಯಲ್ಲಿ ಸಿಗುವಂಥವು, ಒಂದು ಸಲ ಎ ಆಗಿದ್ದದ್ದು ಇನ್ನೊಂದು ಸಲ ಬಿ ಆಗಲೂಬಹುದು. ನಾನು ಬಿ ಆರಿಸಿದೆ. ಡಿಸ್ಕಿಗೆ ಈ ಬದಲಾವಣೆಗಳನ್ನು ಬರೆಯಲೇ ಅಂತ ಇನ್ನೊಂದು ಸಲ ಕೇಳಿತು. ಯಾವ ಡಿಸ್ಕಿನ ಯಾವ ಪಾರ್ಟಿಷನ್ ಫಾರ್ಮ್ಯಾಟ್ ಆಗುತ್ತದೆ ಅಂತ ಆ ಚಿಕ್ಕ ಕಿಟಕಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಓದಲಿಲ್ಲ. ಮುಂದೆ ಅಂತ ಒತ್ತಿದೆ.

ಹತ್ತಿಪ್ಪತ್ತು ನಿಮಿಷಕ್ಕೆ ಮುಗಿಯಿತು. ಹೊಸ ಲಿನಕ್ಸ್ ಚೆನ್ನಾಗಿಯೇ ತೆರೆಯಿತು. ಫೈಲ್ ಮ್ಯಾನೇಜರ್ ತೆಗೆದು ನೋಡುತ್ತೇನೆ, ಅಳಿಸಿಹೋಗಿರಬೇಕಿದ್ದ ವಿಂಡೋಸ್ ಡ್ರೈವ್ ಎಡಗಡೆ ಹಾಗೇ ಕೂತಿದೆ, ಒಳಗೆ ಅಕ್ಕನ ಫೋಲ್ಡರ್‌ಗಳೆಲ್ಲ ಇದ್ದಲ್ಲೇ ಇವೆ. ಎದೆ ಧಸಕ್ ಅಂತು. ಪಕ್ಕದಲ್ಲಿದ್ದ ಎಕ್ಸ್‌ಟರ್ನಲ್ ಡಿಸ್ಕಿನ ದೀಪ ಮಿಣುಕುತ್ತಿತ್ತು.

ಆಮೇಲೆ ಫೋಟೋರೆಕ್ ಅನ್ನುವ ಉಚಿತ ತಂತ್ರಾಂಶ ಹಿಡಿದು ಎರಡು ದಿನ ಡಿಸ್ಕ್ ಜಾಲಾಡಿದೆ. ಅದು ಫೈಲ್ ಸಿಸ್ಟಮ್‌ನ ಕಡೆ, ಅಂದರೆ ಯಾವ ಫೈಲು ಎಲ್ಲಿದೆ ಅಂತ ಡಿಸ್ಕಿನಲ್ಲಿ ಬರೆದಿಟ್ಟ ಪಟ್ಟಿಯ ಕಡೆ ನೋಡುವುದೇ ಇಲ್ಲ, ಫೋಟೋ ಅಂದರೆ ಹೀಗೆ ಶುರುವಾಗುತ್ತದೆ ಅಂತ ಗುರುತು ಹಿಡಿದು ಡಿಸ್ಕಿನ ಉದ್ದಕ್ಕೂ ಹುಡುಕುತ್ತದೆ. ಅದರಿಂದ ಬಹಳಷ್ಟು ಫೋಟೋ ಸಿಕ್ಕವು. ಲಿನಕ್ಸ್ ಬಂದು ಕೂತ ಜಾಗದಲ್ಲಿ ಇದ್ದವು ಸಿಗಲಿಲ್ಲ. ಸಿಕ್ಕವುಗಳಿಗೆ ಹೆಸರಿರಲಿಲ್ಲ. ಫೈಲಿನ ಹೆಸರು ಇರುವುದು ಫೈಲ್ ಸಿಸ್ಟಮ್‌ನಲ್ಲಿ, ಅದನ್ನೇ ನಾನು ಅಳಿಸಿದ್ದೆನಲ್ಲ. ಎಫ್ ಅಕ್ಷರ, ಮುಂದೆ ಏಳೆಂಟು ಅಂಕಿ, ಅಂಥ ಸಾವಿರಾರು ಫೈಲು. ಮೊಬೈಲ್‌ನಲ್ಲಿ ತೆಗೆದ ಫೋಟೋಗಳಾದರೆ ತೆಗೆದ ದಿನ ಫೋಟೋದ ಒಳಗೇ ಇರುತ್ತದೆ. ಸ್ಕ್ಯಾನ್ ಮಾಡಿದ ಹಳೇ ಫೋಟೋಗೆ ಅದೂ ಇಲ್ಲ. "ಫೋಟೋ ಬಂತಲ್ಲ ಬಿಡೋ, ಹೆಸರು ಮತ್ತೆ ಬರೆದರಾಯ್ತು" ಅಂತ ಅಕ್ಕ ಅಂದಳು. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಶುರು ಮಾಡಿದಳು. ಅಮ್ಮನಿಗೆ ಕೆಲವರ ಗುರುತು ಸಿಕ್ಕಿತು, ಕೆಲವರದ್ದು ಸಿಗಲಿಲ್ಲ. ಮೊದಲ ಸಲ ಹೆಸರು ಹೇಳಿದ್ದ ದೊಡ್ಡಮ್ಮ ಅಷ್ಟೊತ್ತಿಗೆ ಇರಲಿಲ್ಲ.

ಅದು ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದಕ್ಕೆ ಅಷ್ಟಾದರೂ ಸಿಕ್ಕಿತು. ಈಗ ಬಹುತೇಕ ಎಲ್ಲ ಕಡೆ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ, ಚಿಪ್‌ನಲ್ಲಿ ಬರೆಯುವ ಡಿಸ್ಕ್ ಇದೆ. ಅದನ್ನು ಫಾರ್ಮ್ಯಾಟ್ ಮಾಡುವಾಗ ಹಳೇ ಜಾಗವೆಲ್ಲ ಇನ್ನು ಬೇಡ ಅಂತ ಲಿನಕ್ಸ್ ಆ ಎಸ್‌ಎಸ್‌ಡಿಗೇ ಹೇಳಿಬಿಡುತ್ತದೆ. ಆಮೇಲೆ ಯಾವ ತಂತ್ರಾಂಶ ಹಿಡಿದು ಹುಡುಕಿದರೂ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ.

ಇದರಲ್ಲಿ ತಪ್ಪು ನನ್ನದು, ಲಿನಕ್ಸ್‌ನದಲ್ಲ. ಆದರೆ ಆ ಪರದೆಯ ಎದುರು ಕೂತವರು ತಪ್ಪು ಮಾಡುವುದಕ್ಕೆ ಕಾರಣಗಳಿವೆ, ಅವನ್ನು ಮೊದಲೇ ಹೇಳಿಕೊಟ್ಟರೆ ತಪ್ಪಿಸಬಹುದು ಅಂತ ನನ್ನ ನಂಬಿಕೆ. ಆಮೇಲೆ ಇಷ್ಟು ವರ್ಷದಲ್ಲಿ ನಾನು ಬೇರೆಯವರ ಪಕ್ಕ ಕೂತು ನೋಡಿದ್ದೇನೆ. ಎಲ್ಲಕ್ಕಿಂತ ಜಾಸ್ತಿ ಮೋಸ ಹೋಗುವುದು ಸಿ ಡ್ರೈವ್, ಡಿ ಡ್ರೈವ್ ವಿಷಯದಲ್ಲಿ. ವಿಂಡೋಸ್ ಬಳಸುವವರಿಗೆ ಸಿ ಒಂದು ಡಿಸ್ಕು, ಡಿ ಇನ್ನೊಂದು ಡಿಸ್ಕು. ವಿಂಡೋಸ್ ಕೆಟ್ಟರೆ ಸಿ ಮಾತ್ರ ಫಾರ್ಮ್ಯಾಟ್ ಮಾಡುತ್ತಾರೆ, ಡಿಯಲ್ಲಿ ಇಟ್ಟಿದ್ದು ಸೇಫ್ ಅಂತ ವರ್ಷಗಟ್ಟಲೆ ಕೇಳಿಕೊಂಡು ಬಂದವರು. ಅವರು ಮುಖ್ಯವಾದದ್ದನ್ನೆಲ್ಲ ಡಿಗೆ ಸಾಗಿಸಿ, ನೆಮ್ಮದಿಯಾಗಿ, ಡಿಸ್ಕ್ ಅಳಿಸು ಅಂತ ಒತ್ತುತ್ತಾರೆ. ಲಿನಕ್ಸ್‌ನ ಇನ್‌ಸ್ಟಾಲರ್‌ಗೆ ಡಿಸ್ಕ್ ಅಂದರೆ ಇಡೀ ಡಿಸ್ಕು. ಒಂದೇ ಡಿಸ್ಕನ್ನು ಸಿ, ಡಿ ಅಂತ ಎರಡು ಭಾಗ ಮಾಡಿದ್ದರೆ ಎರಡೂ ಹೋಗುತ್ತವೆ. ಸಂಪಾದಕರೇ, ಈ ಒಂದು ಮಾತನ್ನು ನೀವು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದಿದ್ದರೆ ಎಷ್ಟು ಜನರ ಫೈಲು ಉಳಿಯುತ್ತಿತ್ತೋ!

ಇನ್ನೊಂದು, ಅಳತೆ. ಅದೇ ಡಿಸ್ಕನ್ನು ವಿಂಡೋಸ್ ಒಂದು ಥರ ತೋರಿಸುತ್ತದೆ, ಲಿನಕ್ಸ್ ಇನ್ನೊಂದು ಥರ. ಡಬ್ಬದ ಮೇಲೆ 500 ಜಿಬಿ ಅಂತ ಇದ್ದದ್ದು ವಿಂಡೋಸ್‌ನಲ್ಲಿ 465 ಅಂತ ಕಾಣುತ್ತದೆ, ಲಿನಕ್ಸ್‌ನ ಹಲವು ಇನ್‌ಸ್ಟಾಲರ್‌ಗಳಲ್ಲಿ 500 ಅಂತಲೇ ಬರುತ್ತದೆ. ಒಂದು ಕಡೆ 1000ದ ಲೆಕ್ಕ, ಇನ್ನೊಂದು ಕಡೆ 1024ರ ಲೆಕ್ಕ. 465 ಅಂತ ಚೀಟಿಯಲ್ಲಿ ಬರೆದಿಟ್ಟುಕೊಂಡು ಬಂದವರು ಇದು ನನ್ನದಲ್ಲ, ಬೇರೆ ಯಾವುದೋ ಅಂದುಕೊಳ್ಳುತ್ತಾರೆ. ಅದರ ಬದಲು ಡಿಸ್ಕಿನ ಮಾಡೆಲ್ ಹೆಸರು ಬರೆದುಕೊಳ್ಳುವುದು ಒಳ್ಳೆಯದು, ಅದು ಎರಡೂ ಕಡೆ ಒಂದೇ ಇರುತ್ತದೆ. ಎಲ್ಲಕ್ಕಿಂತ ಒಳ್ಳೆಯದು, ಬ್ಯಾಕಪ್ ಆದ ತಕ್ಷಣ ಆ ಹೊರಗಿನ ಡಿಸ್ಕನ್ನು ಕಿತ್ತು ಬೇರೆ ಕೋಣೆಯಲ್ಲಿ ಇಟ್ಟು ಬರುವುದು. ಅಲ್ಲಿ ಇಲ್ಲದ ಡಿಸ್ಕನ್ನು ಯಾರೂ ಅಳಿಸಲು ಆಗುವುದಿಲ್ಲ. ನಾನು ಈಗ ಯಾರ ಕಂಪ್ಯೂಟರಿಗೆ ಕೈ ಹಾಕಿದರೂ ಪೆನ್‌ಡ್ರೈವ್ ಬಿಟ್ಟು ಇನ್ನೇನೂ ಯುಎಸ್‌ಬಿಯಲ್ಲಿ ಇರಬಾರದು ಅಂತ ಮೊದಲು ಸುತ್ತ ನೋಡಿಕೊಳ್ಳುತ್ತೇನೆ.

ಪೆನ್‌ಡ್ರೈವ್ ತಯಾರಿಸುವುದರ ಬಗ್ಗೆಯೂ ಲೇಖನ ಸ್ವಲ್ಪ ಅವಸರ ಮಾಡಿದೆ. ಇಳಿಸಿಕೊಂಡ ಲಿನಕ್ಸ್‌ನ ಐಎಸ್‌ಒ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ಅಂದರೆ ಓದುವವರು ಏನು ಮಾಡುತ್ತಾರೆ? ಎಳೆದು ತಂದು ಬಿಡುತ್ತಾರೆ, ಸಿನಿಮಾ ಕಾಪಿ ಮಾಡಿದ ಹಾಗೆ. ಅದು ಫೈಲಾಗಿ ಹೋಗಿ ಕೂರುತ್ತದೆ, ಕಂಪ್ಯೂಟರ್ ಅದರಿಂದ ಶುರುವಾಗುವುದಿಲ್ಲ. ಉಬುಂಟು ಅನ್ನುವ ಲಿನಕ್ಸ್‌ನ ಐಎಸ್‌ಒ ಈಗ ಸುಮಾರು 6 ಜಿಬಿ ಇದೆ, ಫ್ಯಾಟ್32 ಅನ್ನುವ ಹಳೇ ಪದ್ಧತಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ ಆಗಿದ್ದರೆ ಕಾಪಿ ಕೂಡ ಆಗುವುದಿಲ್ಲ, ಅದರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಪೆನ್‌ಡ್ರೈವ್ ಕೆಟ್ಟಿದೆ ಅಂದುಕೊಂಡು ಸುಮ್ನೆ ಇನ್ನೊಂದು ತರುತ್ತಾರೆ. ಐಎಸ್‌ಒ ಅಂದರೆ ಒಂದು ಇಡೀ ಡಿಸ್ಕಿನ ಅಚ್ಚು. ಅದನ್ನು ರೂಫಸ್, ಎಚರ್ ಅಂಥ ತಂತ್ರಾಂಶದಿಂದ ಪೆನ್‌ಡ್ರೈವ್‌ನ ಮೇಲೆ ಬರೆಯಬೇಕು, ಬರೆಯುವಾಗ ಪೆನ್‌ಡ್ರೈವ್‌ನಲ್ಲಿ ಮೊದಲು ಇದ್ದದ್ದೆಲ್ಲ ಹೋಗುತ್ತದೆ. 8 ಜಿಬಿಯದ್ದು ಸಾಕು. ಬರೆದ ಮೇಲೆ ಅದನ್ನು ವಿಂಡೋಸ್‌ಗೆ ಮತ್ತೆ ಚುಚ್ಚಿದರೆ, ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು ಅಂತ ವಿಂಡೋಸ್ ಕೆಲವು ಸಲ ಕೇಳುತ್ತದೆ, ಯಾಕೆಂದರೆ ಅದರೊಳಗಿನ ಬರಹ ಅದಕ್ಕೆ ಅರ್ಥ ಆಗುವುದಿಲ್ಲ. ಬೇಡ ಅನ್ನಬೇಕು. ಹೂಂ ಅಂದರೆ ಮತ್ತೆ ಮೊದಲಿನಿಂದ.

ಇಳಿಸಿಕೊಂಡ ಫೈಲು ಸರಿ ಇದೆಯಾ ಅಂತ ನೋಡುವ ಬಗ್ಗೆ ಲೇಖನದಲ್ಲಿ ಒಂದಕ್ಷರವೂ ಇರಲಿಲ್ಲ. ಇದು ಬೇಕು. ಐಎಸ್‌ಒ ಪಕ್ಕದಲ್ಲೇ 64 ಅಕ್ಷರದ ಒಂದು ಚೆಕ್‌ಸಮ್, ಅಂದರೆ ಆ ಫೈಲಿನಿಂದಲೇ ಲೆಕ್ಕ ಹಾಕಿ ತೆಗೆದ ಗುರುತು ಕೊಟ್ಟಿರುತ್ತಾರೆ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಅನ್ನುವ ಕಮಾಂಡ್‌ನಿಂದ ನಮ್ಮ ಫೈಲಿನದ್ದನ್ನೂ ತೆಗೆದು ತಾಳೆ ನೋಡಬಹುದು. ಅರ್ಧಕ್ಕೆ ನಿಂತ ಡೌನ್‌ಲೋಡ್ ಆಗಿದ್ದರೆ ಇಲ್ಲೇ ಗೊತ್ತಾಗುತ್ತದೆ. ನೆಟ್ ನಿಧಾನ ಇರುವವರಿಗೆ ಇದು ಆಗಾಗ ಆಗುವಂಥದ್ದು. ಅದಕ್ಕಿಂತ ಕೆಟ್ಟದ್ದೂ ಆಗಿದೆ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್‌ನ ವೆಬ್‌ಸೈಟಿಗೇ ಕಳ್ಳರು ನುಗ್ಗಿ, 17.3 ಸಿನಮನ್ ಆವೃತ್ತಿಯ ಕೊಂಡಿಯನ್ನು ಹಿಂಬಾಗಿಲು ಇಟ್ಟ ನಕಲಿ ಐಎಸ್‌ಒ ಕಡೆಗೆ ತಿರುಗಿಸಿದ್ದರು. ಮಿಂಟ್‌ನವರೇ ಅದನ್ನು ಕಂಡುಹಿಡಿದು ಜನರಿಗೆ ತಿಳಿಸಿದರು. ಅವತ್ತು ಸರಿಯಾದ ಚೆಕ್‌ಸಮ್ ಜೊತೆ ತಾಳೆ ನೋಡಿದವರಿಗೆ ವ್ಯತ್ಯಾಸ ಕಂಡಿತು. ನಾನು ಇದನ್ನು ಹೆದರಿಸಲು ಹೇಳುತ್ತಿಲ್ಲ, ಎರಡು ನಿಮಿಷದ ಕೆಲಸ ಅಂತ ಹೇಳುತ್ತಿದ್ದೇನೆ.

ಕಂಪ್ಯೂಟರ್ ಯಾವುದರಿಂದ ಶುರುವಾಗಬೇಕು ಅಂತ ಆರಿಸುವ ಬೂಟ್ ಮೆನು ಬಗ್ಗೆ ಲೇಖನದಲ್ಲಿ ಬರೆದಿದ್ದು ಸರಿಯಾಗಿದೆ. ಅದನ್ನು ತೆರೆಯುವ ಕೀ ಕೆಲವದರಲ್ಲಿ ಎಫ್12, ಕೆಲವದರಲ್ಲಿ ಎಫ್9, ಕೆಲವದರಲ್ಲಿ ಎಸ್ಕೇಪ್. ಉಬುಂಟು, ಮಿಂಟ್, ಫೆಡೋರಾ ಇವಕ್ಕೆ ಸೆಕ್ಯೂರ್ ಬೂಟ್ (ಒಪ್ಪಿಗೆಯ ಸಹಿ ಇರುವ ತಂತ್ರಾಂಶದಿಂದ ಮಾತ್ರ ಕಂಪ್ಯೂಟರ್ ಶುರುವಾಗಲು ಬಿಡುವ ಕಾವಲು) ಆಫ್ ಮಾಡುವ ಅಗತ್ಯ ಸಾಮಾನ್ಯವಾಗಿ ಇಲ್ಲ ಅಂತ ಒಂದು ಮಾತು ಸೇರಿಸಿದ್ದರೆ ಚೆನ್ನಾಗಿತ್ತು. ಯಾಕೆಂದರೆ ಅನೇಕರು ಎಲ್ಲೋ ಕೇಳಿಕೊಂಡು ಬಂದು ಮೊದಲು ಅದನ್ನೇ ಆಫ್ ಮಾಡುತ್ತಾರೆ, ಅಲ್ಲಿಂದ ಇನ್ನೊಂದು ತೊಂದರೆ ಶುರುವಾಗುತ್ತದೆ.

ಆ ತೊಂದರೆಯ ಹೆಸರು ಬಿಟ್‌ಲಾಕರ್. ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಮೊದಲೇ ಬೀಗ ಹಾಕಿರುತ್ತದೆ, ಇಟ್ಟುಕೊಂಡವರಿಗೇ ಅದು ಗೊತ್ತಿರುವುದಿಲ್ಲ. ದಿನಾ ತಾನಾಗಿಯೇ ಬೀಗ ತೆಗೆದುಕೊಳ್ಳುತ್ತಿದ್ದರೆ ಗೊತ್ತಾಗುವುದಾದರೂ ಹೇಗೆ? ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಲ್ಲಿ, ಸೆಕ್ಯೂರ್ ಬೂಟ್ ಅಂಥದ್ದನ್ನು ಬದಲಾಯಿಸಿದ ತಕ್ಷಣ ಅದಕ್ಕೆ ಅನುಮಾನ ಬರುತ್ತದೆ. ಮುಂದಿನ ಸಲ ವಿಂಡೋಸ್ ತೆರೆಯುವಾಗ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೊಡು ಅನ್ನುತ್ತದೆ. ಅದು ಇಲ್ಲದಿದ್ದರೆ ಡಿಸ್ಕಿನಲ್ಲಿದ್ದದ್ದು ಅಲ್ಲೇ ಇದ್ದರೂ ಕೈಗೆ ಸಿಗುವುದಿಲ್ಲ. ಹಾಗಾಗಿ ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಹಾಕಿಕೊಳ್ಳುವವರು ಬೇರೆ ಯಾವುದಕ್ಕೂ ಕೈ ಹಚ್ಚುವ ಮೊದಲು ಆ 48 ಅಂಕಿಯನ್ನು ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡರೂ ಆದೀತು. ಅದೇ ಕಂಪ್ಯೂಟರ್‌ನಲ್ಲಿ ಮಾತ್ರ ಇಡಬಾರದು.

ಫಾಸ್ಟ್ ಸ್ಟಾರ್ಟ್‌ಅಪ್ ಅಂತ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಅಂದರೆ ಪೂರ್ತಿ ಶಟ್‌ಡೌನ್ ಅಲ್ಲ, ಅರ್ಧ ನಿದ್ದೆ. ಆ ಸ್ಥಿತಿಯಲ್ಲಿ ಲಿನಕ್ಸ್‌ನಿಂದ ವಿಂಡೋಸ್‌ನ ಡ್ರೈವ್ ತೆರೆದರೆ ಬರೆಯಲು ಬಿಡುವುದಿಲ್ಲ. ಬಲವಂತ ಮಾಡಿದರೆ ಫೈಲು ಹಾಳಾಗಬಹುದು. ಶಿಫ್ಟ್ ಕೀ ಹಿಡಿದುಕೊಂಡು ಶಟ್‌ಡೌನ್ ಒತ್ತಿದರೆ ಪೂರ್ತಿ ಆಫ್ ಆಗುತ್ತದೆ, ಅಥವಾ ಆ ಸೆಟ್ಟಿಂಗನ್ನೇ ತೆಗೆದುಬಿಡಬಹುದು.

ಈಗ ಈ ಲೇಖನದಲ್ಲಿ ನನಗೆ ನಿಜಕ್ಕೂ ಬೇಸರ ತಂದ ವಿಷಯಕ್ಕೆ ಬರುತ್ತೇನೆ. ಪೆನ್‌ಡ್ರೈವ್‌ನಿಂದ ಲಿನಕ್ಸ್ ತೆರೆದಾಗ ಎರಡು ದಾರಿ ಸಿಗುತ್ತದೆ, ಹಾಕದೇ ಸುಮ್ನೆ ನೋಡುವುದು ಮತ್ತು ಹಾಕಿಕೊಳ್ಳುವುದು. ನಿಮ್ಮ ಲೇಖಕರು ಮೊದಲನೆಯದನ್ನು ಬಿಟ್ಟು ನೇರ ಎರಡನೆಯದಕ್ಕೆ ಹೋಗಿ ಅಂದಿದ್ದಾರೆ, ಸಮಯ ಉಳಿಯುತ್ತದೆ ಅಂತ. ನನ್ನ ಪ್ರಕಾರ ಪೆನ್‌ಡ್ರೈವ್‌ನ ನಿಜವಾದ ಉಪಯೋಗ ಇರುವುದೇ ಆ ಮೊದಲ ದಾರಿಯಲ್ಲಿ. ಅಲ್ವಾ? ಹಾರ್ಡ್ ಡಿಸ್ಕಿಗೆ ಏನೂ ಬರೆಯದೆ, ಇಡೀ ಒಂದು ಆಪರೇಟಿಂಗ್ ಸಿಸ್ಟಮ್ ನಿಮ್ಮದೇ ಕಂಪ್ಯೂಟರ್ ಮೇಲೆ ಮೆಮೊರಿಯಲ್ಲಿ ಓಡುತ್ತದೆ, ಬೇಡ ಅನ್ನಿಸಿದರೆ ಆಫ್ ಮಾಡಿ ಪೆನ್‌ಡ್ರೈವ್ ಕಿತ್ತರಾಯ್ತು, ಮತ್ತೆ ಆನ್ ಮಾಡಿದಾಗ ವಿಂಡೋಸ್ ಏನೂ ಆಗದ ಹಾಗೆ ಬಂದು ನಿಲ್ಲುತ್ತದೆ. 2000ನೇ ಇಸವಿಯಲ್ಲಿ ಕ್ನಾಪಿಕ್ಸ್ ಅನ್ನುವ ಲಿನಕ್ಸ್ ಇದನ್ನು ಸಿಡಿಯಿಂದ ಮಾಡಿ ತೋರಿಸಿದಾಗ ಜನ ಬೆರಗಾಗಿದ್ದರು. ಈಗ ಅದು ಬಹುತೇಕ ಎಲ್ಲ ಲಿನಕ್ಸ್ ಪೆನ್‌ಡ್ರೈವ್‌ನಲ್ಲೂ ಇದೆ, ಆದರೆ ಯಾರಿಗೂ ಅದರ ಬೆಲೆ ಇಲ್ಲ.

ಮೊದಲ ದಾರಿಯಲ್ಲಿ ಹೋಗಿ ಒಂದು ವಾರ ಇದ್ದು ನೋಡಬೇಕು. ವೈಫೈ ಹಿಡಿಯುತ್ತಾ? ಕೆಲವು ವೈಫೈ ಚಿಪ್‌ಗಳಿಗೆ, ಮುಖ್ಯವಾಗಿ ಬ್ರಾಡ್‌ಕಾಮ್‌ನವಕ್ಕೆ, ಬೇರೆ ಡ್ರೈವರ್ ಬೇಕಾಗುತ್ತದೆ. ಆಗ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಟೆದರಿಂಗ್ ಮಾಡಿಕೊಂಡು ನೆಟ್ ಪಡೆಯಬಹುದು ಅಂತ ಮೊದಲೇ ಗೊತ್ತಿದ್ದರೆ ಗಾಬರಿ ಇಲ್ಲ. ಪ್ರಿಂಟರ್‌ನಿಂದ ಒಂದು ಹಾಳೆ ತೆಗೆದು ನೋಡಬೇಕು. ಮುಚ್ಚಳ ಮುಚ್ಚಿ ತೆರೆದರೆ ಕಂಪ್ಯೂಟರ್ ಎದ್ದೇಳುತ್ತಾ ನೋಡಬೇಕು, ಇದನ್ನು ನೋಡುವವರು ಕಮ್ಮಿ, ಹಾಕಿದ ಮೇಲೆ ಬೈಯುವವರು ಜಾಸ್ತಿ. ಹಾಡು ಹಾಕಿ ಸ್ಪೀಕರ್, ವಿಡಿಯೋ ಕರೆ ಮಾಡಿ ಕ್ಯಾಮೆರಾ. ಕನ್ನಡದ ಒತ್ತಕ್ಷರ ಸರಿಯಾಗಿ ಮೂಡುತ್ತಾ, ತಮಗೆ ರೂಢಿಯಾದ ಕೀಬೋರ್ಡ್ ವಿನ್ಯಾಸ ಲಿನಕ್ಸ್‌ನ ಟೈಪಿಂಗ್ ತಂತ್ರಾಂಶವಾದ ಐಬಸ್‌ನಲ್ಲಿ ಸಿಗುತ್ತಾ ಅಂತ ಎರಡು ಸಾಲು ಟೈಪ್ ಮಾಡಿ ನೋಡಬೇಕು. ಇನ್‌ಸ್ಟಾಲರ್‌ನ ಡಿಸ್ಕ್ ಪಟ್ಟಿಯಲ್ಲಿ ತಮ್ಮ ಎಸ್‌ಎಸ್‌ಡಿ ಕಾಣುತ್ತದಾ ಅನ್ನುವುದನ್ನೂ ನೋಡಬಹುದು. ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್‌ನ ಆರ್‌ಎಸ್‌ಟಿ ಅನ್ನುವ ಡಿಸ್ಕ್ ಸೆಟ್ಟಿಂಗ್‌ನಿಂದಾಗಿ ಅದು ಕಾಣುವುದೇ ಇಲ್ಲ. ಕಾಣದಿದ್ದಾಗ ಪಟ್ಟಿಯಲ್ಲಿ ಉಳಿಯುವುದು ಹೊರಗೆ ಚುಚ್ಚಿದ ಡಿಸ್ಕ್ ಒಂದೇ! ಅದನ್ನೇ ತಮ್ಮದು ಅಂದುಕೊಂಡರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಹೀಗೆ ನೋಡುವಾಗ ಎರಡು ವಿಷಯ ಮನಸ್ಸಿನಲ್ಲಿರಬೇಕು. ಪೆನ್‌ಡ್ರೈವ್‌ನಿಂದ ಓಡುವಾಗ ನಿಧಾನ ಇರುತ್ತದೆ. ಅದೇ ಲಿನಕ್ಸ್‌ನ ವೇಗ ಅಂತ ತಿಳಿಯಬಾರದು. ಮತ್ತೆ, ಅಲ್ಲಿ ಬರೆದಿದ್ದು, ಇಳಿಸಿಕೊಂಡಿದ್ದು ಆಫ್ ಮಾಡಿದಾಗ ಹೋಗುತ್ತದೆ. ಉಳಿಯಬೇಕಾದದ್ದನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಬೇಕು, ಅಥವಾ ಪೆನ್‌ಡ್ರೈವ್ ಬರೆಯುವಾಗಲೇ ರೂಫಸ್‌ನಲ್ಲಿ ಅದಕ್ಕೊಂದು ಜಾಗ ತೆಗೆದಿಡಬೇಕು.

ಒಂದು ವಾರ ನೋಡಿದ ಮೇಲೆ ಕೆಲವರು ಬೇಡ ಅನ್ನುತ್ತಾರೆ. ಅನ್ನಲಿ. ತಮ್ಮ ಕೆಲಸಕ್ಕೆ ಬೇಕೇಬೇಕಾದ ಒಂದು ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ಇದ್ದರೆ, ಉದಾಹರಣೆಗೆ ದಿನಾ ಫೋಟೋಶಾಪ್‌ನಲ್ಲೇ ಕೆಲಸ ಮಾಡುವವರು, ಅವರಿಗೆ ಇದು ಸದ್ಯಕ್ಕೆ ಬೇಡ. ಲಿನಕ್ಸ್ ಮೇಲೆ ಪ್ರೀತಿ ಇರುವ ನಮ್ಮಂಥವರೇ ಇದನ್ನು ಮೊದಲು ಒಪ್ಪಿಕೊಳ್ಳಬೇಕು. ಎಲ್ಲದಕ್ಕೂ ಪರ್ಯಾಯ ಇದೆ, ಎಲ್ಲ ಸುಲಭ, 15 ನಿಮಿಷ ಅಂತ ಹೇಳಿ ಹೇಳಿ ಹಾಕಿಸಿದವರಲ್ಲಿ ಎಷ್ಟೋ ಜನ ತಿಂಗಳೊಳಗೆ ವಾಪಸ್ ಹೋಗಿದ್ದನ್ನು ನೋಡಿದ್ದೇನೆ. ಹೋದವರು ಮತ್ತೆ ಬರುವುದಿಲ್ಲ, ಪಕ್ಕದವರನ್ನೂ ಬರಗೊಡುವುದಿಲ್ಲ. ಬೇಕು ಅಂದವರು ಮಾತ್ರ, ಎಲ್ಲ ನೋಡಿ, ಎಲ್ಲ ಕಾಪಿ ಇಟ್ಟುಕೊಂಡು ಬಂದರೆ ಉಳಿಯುತ್ತಾರೆ. ಉಬುಂಟುವಿನ ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ) ಆವೃತ್ತಿಗೆ 5 ವರ್ಷ ಸೆಕ್ಯೂರಿಟಿ ಅಪ್‌ಡೇಟ್ ಸಿಗುತ್ತದೆ. ಅಷ್ಟು ವರ್ಷ ಇಟ್ಟುಕೊಳ್ಳುವ ಒಂದು ವಸ್ತುವಿಗೆ ಒಂದು ವಾರ ನೋಡುವುದು ಜಾಸ್ತಿ ಆಯಿತಾ?

ಅಕ್ಕನ ಲ್ಯಾಪ್‌ಟಾಪ್ ವಿಷಯ ಹೇಳದೆ ಬಿಟ್ಟರೆ ಅನ್ಯಾಯ. ಆಮೇಲೆ ಅದಕ್ಕೆ ಸರಿಯಾಗಿ ಮಿಂಟ್ ಹಾಕಿಕೊಟ್ಟೆ, ಒಳಗಿನ ಡಿಸ್ಕಿಗೇ, ಪಟ್ಟಿಯಲ್ಲಿ ಒಂದೇ ಸಾಲು ಇರುವ ಹಾಗೆ ಮಾಡಿಕೊಂಡು. ಅಕ್ಕ ಪಕ್ಕದಲ್ಲೇ ಕೂತಿದ್ದಳು. ಆ ಕೊನೆಯ ಕಿಟಕಿ ಬಂದಾಗ "ತಾಳು, ನಾನು ಓದ್ತೀನಿ" ಅಂತ ಹೇಳಿ ಗಟ್ಟಿಯಾಗಿ ಓದಿದಳು. ಅದರಲ್ಲಿ ಅರ್ಧ ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನೆಲ್ಲ ಕೇಳಿ ತಿಳಿದುಕೊಂಡ ಮೇಲೆ ತಾನೇ ಒತ್ತಿದಳು. ಹೆಸರಿಲ್ಲದೆ ಉಳಿದ ಫೋಟೋಗಳಿಗೆ ಅವಳು ಈಗಲೂ ಅದೇ ಲ್ಯಾಪ್‌ಟಾಪಿನಲ್ಲಿ, ನೆಂಟರು ಯಾರಾದರೂ ಬಂದಾಗ ತೆರೆದು ತೋರಿಸಿ, ಒಂದೊಂದೇ ಹೆಸರು ಸೇರಿಸುತ್ತಿದ್ದಾಳೆ.

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟು. ಆ ಲೇಖನದ ಮುಂದಿನ ಭಾಗ ಬರುತ್ತದೆ ಅಂತ ಕೊನೆಯಲ್ಲಿ ಹಾಕಿದ್ದೀರಿ. ಅದರಲ್ಲಿ ಹೊಸ ತಂತ್ರಾಂಶಗಳ ಪಟ್ಟಿ ಕೊಡುವ ಮೊದಲು ಈ ಹಿಂದಿನ ಹೆಜ್ಜೆಗೆ ಒಂದು ಕಾಲಂ ಕೊಡಿ. ಡಿಸ್ಕ್ ಆರಿಸುವ ಪರದೆಯ ಚಿತ್ರವನ್ನು ದೊಡ್ಡದಾಗಿ ಹಾಕಿ, ಯಾವ ಸಾಲಿನಲ್ಲಿ ಏನು ಓದಬೇಕು ಅಂತ ಬಾಣ ಹಾಕಿ ತೋರಿಸಿ. ಡಿ ಡ್ರೈವ್ ಕೂಡ ಹೋಗುತ್ತದೆ ಅಂತ ಬರೆಯಿರಿ. ಬ್ಯಾಕಪ್ ಡಿಸ್ಕನ್ನು ಕಿತ್ತಿಡಿ ಅಂತ ಬರೆಯಿರಿ. ಲೇಖನವನ್ನು ಕತ್ತರಿಸಿ ಇಟ್ಟುಕೊಂಡು, ಬರುವ ಭಾನುವಾರ ಹಾಕೋಣ ಅಂತ ಕಾದಿರುವ ಓದುಗರು ಇದ್ದೇ ಇರುತ್ತಾರೆ. ಸಾಧ್ಯವಾದರೆ ಅದಕ್ಕೂ ಮೊದಲೇ ಹಾಕಿ. ಆ ಪರದೆಯ ಚಿತ್ರಗಳು ನನ್ನ ಹತ್ತಿರ ಇವೆ, ಕೇಳಿದರೆ ಇವತ್ತೇ ಕಳಿಸಿಕೊಡುತ್ತೇನೆ.

ಇಂತಿ,
ನಿಮ್ಮ ಓದುಗ